ಉಸಿರು ಸಾಲದ ಮಳೆಗಾಲ

ಕಳೆದ ತಿಂಗಳು ಪರಿಚಯದವರ ಮನೆಯ ಗೃಹಪ್ರವೇಶಕ್ಕೆಂದು ಮುಂಬಯಿಯ ಭಾಂಡುಪಿನಲ್ಲಿ ಇಳಿದವನು, ಊಟ ಮುಗಿಸಿ ಸ್ಟೇಷನ್ನಿಗೆ ಮರಳುವಾಗ ಸುಮ್ಮನೆ ನಮ್ಮ ಹಳೆಯ ಕಾರ್ಖಾನೆಯ ದಾರಿ ಹಿಡಿದೆ. ಕಾರ್ಖಾನೆ ಇರಲಿಲ್ಲ. ಅದು ಇದ್ದ ಜಾಗದ ಸುತ್ತ ನೀಲಿ ತಗಡಿನ ಬೇಲಿ, ಒಳಗೆ ಅರ್ಧ ಎದ್ದ ಎರಡು ಟವರು. ಗೇಟಿನ ಪಕ್ಕದಲ್ಲಿ ನಮ್ಮ ಶೆಡ್ಡಿನ ಕಂಬಗಳನ್ನು ಕತ್ತರಿಸಿ ರಾಶಿ ಹಾಕಿದ್ದರು. ಆಗಷ್ಟೇ ಒಂದು ಮಳೆ ಸುರಿದು ನಿಂತಿತ್ತು. ನೆನೆದ ತುಕ್ಕು ಮತ್ತು ಹಳೆಯ ಗ್ರೀಸು ಬೆರೆತ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಎದೆ ಬಿಗಿಯಿತು. ಬೇಲಿ ಹಿಡಿದು ನಿಂತುಬಿಟ್ಟೆ.

"ಕ್ಯಾ ಹುವಾ ಚಾಚಾ?" ಎಂದ ಕಾವಲಿನವನು.

ಏನೂ ಆಗಿರಲಿಲ್ಲ. ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲ ನೆನಪಾಗಿತ್ತು, ಅಷ್ಟೆ.

ನಾನು ಆ ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್ ಆಗಿದ್ದೆ. ಕಾರ್ಕಳದ ಕಡೆಯಿಂದ ಬಂದವನು ಮೊದಲು ಕುರ್ಲಾದ ಹೋಟೆಲೊಂದರಲ್ಲಿ ಇದ್ದೆ. ಅಲ್ಲಿಗೆ ಚಹಾ ಕುಡಿಯಲು ಬರುತ್ತಿದ್ದ ಯಾದವ್ ಎಂಬ ಆಪರೇಟರು ನನ್ನನ್ನು ಕರೆದುಕೊಂಡು ಹೋಗಿ ಕೆಲಸ ಕಲಿಸಿದ. ನಮ್ಮಲ್ಲಿ ದೊಡ್ಡ ದೊಡ್ಡ ಉಕ್ಕಿನ ಟ್ಯಾಂಕುಗಳನ್ನು ಮಾಡುತ್ತಿದ್ದರು. ಶೆಡ್ಡಿನ ಈ ಗೋಡೆಯಿಂದ ಆ ಗೋಡೆಗೆ ಹಾದ ಹಳಿಗಳ ಮೇಲೆ ಕ್ರೇನು ಓಡಾಡುತ್ತಿತ್ತು. ಅದರ ಹೊಟ್ಟೆಗೆ ತೂಗುಹಾಕಿದ ಗಾಜಿನ ಡಬ್ಬಿಯೇ ನನ್ನ ಕ್ಯಾಬಿನ್. ಕಂಬಕ್ಕೆ ಬೆಸೆದ ಏಣಿ ಹತ್ತಿ ಒಳಗೆ ಕೂತರೆ ಊಟದ ಹೊತ್ತಿಗೇ ಇಳಿಯುವುದು. ಕಾಲ ಬುಡದ ಗಾಜಿನಿಂದ ಕೆಳಗೆ ನೋಡುತ್ತಲೇ ಇರಬೇಕು. ತಲೆ ಮುಂದಕ್ಕೆ, ಗಲ್ಲ ಎದೆಯತ್ತ, ಬೆನ್ನು ಬಿಲ್ಲು. ಹಾಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ.

ಕೆಳಗೆ ಸಾವಂತ್ ಇರುತ್ತಿದ್ದ. ಹುಕ್ಕಿಗೆ ಸರಪಳಿ ಹಾಕುವುದು, ಕೈಸನ್ನೆ ಮಾಡಿ ನನಗೆ ಎತ್ತು, ಇಳಿಸು, ಸರಿಸು ಎಂದು ಹೇಳುವುದು ಅವನ ಕೆಲಸ. ಮುಖಕ್ಕೆ ಮುಖ ಕೊಟ್ಟು ನಾವು ಮಾತಾಡಿದ್ದು ಕಡಿಮೆ. ಆದರೆ ಅವನ ಬಲಗೈಯ ಹೆಬ್ಬೆರಳು ಎಷ್ಟು ವಾರೆಯಾಗಿದೆ ಎಂಬುದು ಅವನ ಹೆಂಡತಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಮಗಳು ನಿಶಾ ಆಗ ಕಾಲೇಜಿನಲ್ಲಿದ್ದಳು. ನನ್ನ ಫೋಟೋ ತೆಗೆದಾಗಲೆಲ್ಲ ನಗುವಳು. "ಪಪ್ಪಾ, ತುಮ್ಹಾರಾ ತಲೆ ಫಸ್ಟ್ ಬರ್ತದೆ, ಬಾಡಿ ನಂತ್ರ ಬರ್ತದೆ." ನಾನೂ ನಗುತ್ತಿದ್ದೆ. ಕತ್ತು ನೋಯುತ್ತಿತ್ತು, ಪ್ರಮೀಳಾ ಎಣ್ಣೆ ತಿಕ್ಕುತ್ತಿದ್ದಳು. ಪ್ರಮೀಳಾ ನನ್ನ ಹೆಂಡತಿ. ಸೀರೆಗಳಿಗೆ ಫಾಲ್ ಹೊಲಿಯುತ್ತಿದ್ದಳು. ಕ್ರೇನಿನವರಿಗೆಲ್ಲ ಕತ್ತು ನೋವು ಇದ್ದದ್ದೇ ಎಂದುಕೊಂಡು ನಾನು ಮುಂದಕ್ಕೆ ಯೋಚಿಸಿರಲಿಲ್ಲ.

ಆ ವರ್ಷ ಮಳೆ ಹಿಡಿದ ಮೊದಲ ವಾರದಲ್ಲೇ ಅದು ಶುರುವಾಯಿತು. ಬೆಳಿಗ್ಗೆ ಏಣಿ ಹತ್ತುತ್ತಿದ್ದೆ. ಅರ್ಧಕ್ಕೆ ಬಂದಾಗ ಉಸಿರು ಸಾಲದಾಯಿತು. ದಮ್ಮು ಹತ್ತಿದ್ದಲ್ಲ. ಒಳಕ್ಕೆ ಎಳೆದುಕೊಂಡ ಗಾಳಿ ಕೊರಳ ಹತ್ತಿರವೇ ನಿಂತು ಎದೆಗೆ ಇಳಿಯಲೊಲ್ಲದು. ಏಣಿಯನ್ನು ತಬ್ಬಿ ನಿಂತೆ. ತಗಡಿನ ಮಾಡಿನ ಮೇಲೆ ಮಳೆಯ ಸದ್ದು, ಕೆಳಗೆ ಗ್ರೈಂಡರಿನ ಸದ್ದು. ಯಾರೂ ನನ್ನನ್ನು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಸರಿಹೋಯಿತು, ಮೇಲೆ ಹೋದೆ.

ಮಧ್ಯಾಹ್ನ ಮತ್ತೆ ಬಂತು. ಆಗ ಹುಕ್ಕಿನಲ್ಲಿ ಅರ್ಧ ಟ್ಯಾಂಕು ತೂಗುತ್ತಿತ್ತು. ಸಾವಂತ್ ಅದರ ಪಕ್ಕದಲ್ಲೇ ಹಗ್ಗ ಹಿಡಿದು ನಡೆಯುತ್ತಿದ್ದ. ಮತ್ತೆ ಅದೇ, ಕೊರಳಲ್ಲಿ ನಿಂತ ಗಾಳಿ. ಬೆರಳ ತುದಿ ಜುಮುಜುಮು ಎಂದಿತು. ಕ್ರೇನಿನ ಲಿವರಿನಿಂದ ಕೈ ತೆಗೆದರೆ ಅದು ತಾನಾಗಿ ಮಧ್ಯಕ್ಕೆ ಬಂದು ಎಲ್ಲವೂ ನಿಲ್ಲುತ್ತದೆ. ಅದು ನನಗೆ ಗೊತ್ತು. ಆದರೆ ಆ ಕ್ಷಣ ಹೊಳೆದದ್ದು ಬೇರೆ. ನನ್ನ ತಲೆ ಮುಂದಕ್ಕೆ ವಾಲಿದೆ. ಪ್ರಜ್ಞೆ ತಪ್ಪಿದರೆ ನಾನು ಹಿಂದಕ್ಕೆ ಬೀಳುವುದಿಲ್ಲ, ಲಿವರಿನ ಮೇಲೆಯೇ ಬೀಳುತ್ತೇನೆ.

ಹೇಗೋ ಟ್ಯಾಂಕನ್ನು ಕೆಳಗಿಟ್ಟೆ. ಇಳಿದು ಬಂದು ಸೂಪರ್‌ವೈಸರಿಗೆ ಹೇಳಿದೆ. ಅವರು ಒಳ್ಳೆಯವರು, ಕೂರಿಸಿ ನೀರು ಕೊಟ್ಟರು. "ಟೆಸ್ಟ್ ಎಲ್ಲ ಆಗೋವರೆಗೆ ಮೇಲೆ ಹತ್ತಬೇಡ ಭೋಜಾ, ಸ್ಟೋರಲ್ಲಿ ಇರು" ಎಂದರು. ಸಾವಂತ್ ದೂರದಲ್ಲಿ ನಿಂತು ನೋಡುತ್ತಿದ್ದ. ಏನಾಯಿತೆಂದು ಕೇಳಲು ಬರಲಿಲ್ಲ.

ನನ್ನ ಹೆದರಿಕೆಗೆ ಒಂದು ಹೆಸರಿತ್ತು, ಯಾದವ್. ನನಗೆ ಕೆಲಸ ಕಲಿಸಿದವನು. ಅವನೂ ಒಂದು ದಿನ ಏಣಿಯ ಬುಡದಲ್ಲಿ ಕೂತು "ಸಾಂಸ್ ಪೂರಾ ನಹೀಂ ಪಡ್ತಾ" ಎಂದಿದ್ದ. ಉಸಿರು ಸಾಲುತ್ತಿಲ್ಲ ಎಂದು. ಅವನ ಶ್ವಾಸಕೋಶ ಗಟ್ಟಿಯಾಗುತ್ತಾ ಬಂದಿತ್ತು. ಕೊನೆಗೆ ಅವನನ್ನು ನೋಡಲು ಹೋದಾಗ ಮೂಗಿಗೆ ನಳಿಗೆ, ಪಕ್ಕದಲ್ಲಿ ಸಿಲಿಂಡರು, ದಿಂಬಿಗೆ ಒರಗಿ ಕೂತೇ ಇದ್ದ, ಮಲಗಲು ಆಗುತ್ತಿರಲಿಲ್ಲ. ನನ್ನನ್ನು ಕಂಡು ಮಾತಾಡಲು ಬಾಯಿ ತೆರೆದ, ಒಂದು ಶಬ್ದಕ್ಕೆ ಬೇಕಾದ ಗಾಳಿ ಅವನಲ್ಲಿರಲಿಲ್ಲ. ಈಗ ನನ್ನ ಬಾಯಲ್ಲೂ ಅದೇ ಮಾತು ಬಂದಿತ್ತು.

ಜೂನ್ ಪೂರ್ತಿ ಆಸ್ಪತ್ರೆಯ ಬೆಂಚು. ಎದೆಯ ಎಕ್ಸ್-ರೇ, ಹೃದಯದ ಪರೀಕ್ಷೆ, ನಳಿಗೆಯಲ್ಲಿ ಊದುವ ಪರೀಕ್ಷೆ. ಡಾಕ್ಟರು ಎಲ್ಲವನ್ನೂ ನೋಡಿ, "ಲಂಗ್ಸ್ ಚೆನ್ನಾಗಿದೆ, ಹಾರ್ಟ್ ಚೆನ್ನಾಗಿದೆ" ಎಂದಾಗ ಪ್ರಮೀಳಾ ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಸಂತೋಷವಾಗಲಿಲ್ಲ. ಎಲ್ಲವೂ ಸರಿಯಿದ್ದರೆ ಉಸಿರು ಎಲ್ಲಿ ನಿಲ್ಲುತ್ತಿದೆ? ಇವರ ಯಂತ್ರಕ್ಕೂ ಕಾಣದ್ದು ಏನೋ ಒಳಗಿದೆ ಎಂದೇ ಮನಸ್ಸು ಹೇಳಿತು. ಕಂಡ ರೋಗಕ್ಕಿಂತ ಕಾಣದ ರೋಗ ಹೆಚ್ಚು ಹೆದರಿಸಿತು.

ಜುಲೈಯಲ್ಲಿ ಒಂದು ದಿನ ಕುರ್ಲಾದಿಂದ ಬೆಳಗಿನ ಸ್ಲೋ ಲೋಕಲ್ ರೈಲು ಹಿಡಿದಿದ್ದೆ. ಜೋರು ಮಳೆ. ವಿಕ್ರೋಳಿ ದಾಟಿದ ಮೇಲೆ ಹಳಿಯಲ್ಲಿ ನೀರೆಂದು ಗಾಡಿ ನಿಂತಿತು. ಕಿಟಕಿಗಳನ್ನು ಮುಚ್ಚಿದ್ದರು. ಫ್ಯಾನೂ ನಿಂತಿತು. ಒದ್ದೆ ಬಟ್ಟೆಯ ಜನ ನಾಲ್ಕೂ ಕಡೆಯಿಂದ ಒತ್ತಿ ನಿಂತಿದ್ದರು, ಮುಂದಿನವನ ಬ್ಯಾಗು ನನ್ನ ಪಕ್ಕೆಲುಬಿಗೆ ಒತ್ತುತ್ತಿತ್ತು. ಕೊರಳು ಎತ್ತಿ ಎತ್ತಿ ಗಾಳಿ ಎಳೆದೆ. ಎಳೆದಷ್ಟೂ ಸಾಲದು. ಹೆಗಲು ಕಿವಿಯವರೆಗೆ ಏರಿತು. ಕಣ್ಣ ಮುಂದೆ ಯಾದವನ ತೆರೆದ ಬಾಯಿ. ಇಲ್ಲೇ ಸಾಯುತ್ತೇನೆ, ಬೀಳಲೂ ಜಾಗವಿಲ್ಲ, ನಿಂತುಕೊಂಡೇ ಸಾಯುತ್ತೇನೆ ಎಂದುಕೊಂಡೆ. ಯಾರೋ "ಅರೆ, ಅಂಕಲ್ ಕೋ ದರ್ವಾಜೇ ಪೇ ಲೇ ಲೋ" ಎಂದು ಕೂಗಿದರು. ಕೈಯಿಂದ ಕೈಗೆ ನನ್ನನ್ನು ಬಾಗಿಲಿಗೆ ಸಾಗಿಸಿದರು. ಮುಖಕ್ಕೆ ಮಳೆ ಬಡಿದಾಗ ಉಸಿರು ಒಂದಿಷ್ಟು ಇಳಿಯಿತು. ಆ ದಿನ ಕೆಲಸಕ್ಕೆ ಹೋಗಲಿಲ್ಲ, ಸೀದಾ ಆಸ್ಪತ್ರೆಗೆ ಹೋದೆ. ಡಾಕ್ಟರು ಈ ಸಲ ಫಿಸಿಯೋಥೆರಪಿಗೆ ಬರೆದುಕೊಟ್ಟರು. ಕೈಕಾಲು ಮುರಿದವರ ಜಾಗಕ್ಕೆ ನನ್ನನ್ನೇಕೆ ಕಳಿಸುತ್ತಾರೆ ಎಂದು ತಿಳಿಯಲಿಲ್ಲ. ಹೇಳಲಾಗದ್ದೇನೋ ಇದೆ, ಅದಕ್ಕೇ ಸಾಗಹಾಕುತ್ತಿದ್ದಾರೆ ಎಂದುಕೊಂಡೆ.

ಫಿಸಿಯೋಥೆರಪಿಯ ಡಾಕ್ಟರು ಮೇಘನಾ ಎಂಬ ಹುಡುಗಿ. ನನ್ನ ಹೆಸರು, ಊರು ಕೇಳಿದವರೇ ಕನ್ನಡಕ್ಕೆ ತಿರುಗಿದರು. ತಂದೆತಾಯಿ ಹಾಸನದವರು, ತಾನು ಹುಟ್ಟಿ ಬೆಳೆದದ್ದು ಮುಲುಂಡಿನಲ್ಲಿ ಎಂದರು. "ನನ್ ಕನ್ನಡ ಥೋಡಾ ಕಚ್ಚಾ ಇದೆ ಅಂಕಲ್, ನಗಬೇಡಿ." ಗೋಡೆಯ ಪಕ್ಕ ನಿಲ್ಲಿಸಿ, ಬದಿಯಿಂದ ನೋಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ತೋರಿಸಿದರು.

"ನೋಡಿ, ಕಿವಿ ಇಲ್ಲಿ ಇರ್ಬೇಕು, ಶೋಲ್ಡರ್ ಮೇಲೆ. ನಿಮ್ದು ಎಲ್ಲಿದೆ? ಎಷ್ಟು ಮುಂದೆ!"

ನಿಶಾ ನಗುತ್ತಿದ್ದದ್ದು ಇದಕ್ಕೇ. ಆದರೆ ಹಾಗೆ ಬದಿಯಿಂದ ನನ್ನನ್ನು ನಾನೇ ನೋಡಿದಾಗ ನಗು ಬರಲಿಲ್ಲ. ನೊಗಕ್ಕೆ ಕತ್ತು ಕೊಟ್ಟ ಎತ್ತಿನ ಹಾಗಿದ್ದೆ.

ಆಮೇಲೆ ನನ್ನ ಹೊಟ್ಟೆಯ ಮೇಲೆ ಒಂದು ಕೈ, ಎದೆಯ ಮೇಲೆ ಒಂದು ಕೈ ಇಡಿಸಿ ಉಸಿರಾಡಿಸಿದರು. ಎದೆಯ ಕೈ ಮಾತ್ರ ಏಳುತ್ತಿತ್ತು, ಹೊಟ್ಟೆಯದು ಅಲುಗಲೇ ಇಲ್ಲ. ಉಸಿರೆಳೆಯಲು ಪಕ್ಕೆಲುಬಿನ ಕೆಳಗೆ ಒಂದು ದೊಡ್ಡ ಸ್ನಾಯು ಇದೆಯಂತೆ. ತಲೆ ಮುಂದೆ ಬಾಗಿ ಎದೆಗೂಡು ಕುಗ್ಗಿದಾಗ ಅದಕ್ಕೆ ಪೂರ್ತಿ ಕೆಲಸ ಮಾಡಲು ಆಗುವುದಿಲ್ಲ. ಆಗ ಕೊರಳಿನ ಸಣ್ಣ ಸ್ನಾಯುಗಳು ಹೊರೆ ಹೊರುತ್ತವೆ, ಬೇಗ ದಣಿಯುತ್ತವೆ. ಕೊನೆಗೆ ಒಂದು ಯಂತ್ರದಲ್ಲಿ ಜೋರಾಗಿ ಗಾಳಿ ಎಳೆಯಲು ಹೇಳಿದರು. ನನ್ನ ವಯಸ್ಸಿನವನಿಗೆ ಇರಬೇಕಾದ ಬಲಕ್ಕಿಂತ ಬಹಳ ಕಡಿಮೆ ಬಂತು.

"ಹಾಗಾದ್ರೆ ಇದೇ ಕಾರಣವಾ?" ಎಂದೆ.

"ಪೂರಾ ಇದ್ರಿಂದಾನೇ ಅಂತ ಪ್ರಾಮಿಸ್ ಮಾಡಲ್ಲ ಅಂಕಲ್. ನಿಮ್ಗೆ ಭಯಾನೂ ಇದೆ. ಭಯ ಬಂದ್ರೆ ಉಸಿರು ಇನ್ನೂ ಮೇಲೆ ಮೇಲೆ ಆಗತ್ತೆ. ಆದ್ರೆ ಮಸಲ್ ವೀಕ್ ಇದೆ, ಇದು ಸಚ್. ವೀಕ್ ಮಸಲ್‌ಗೆ ಎಕ್ಸರ್ಸೈಜ್ ಇದೆ."

ಅಂಗೈಯಗಲದ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟರು. ಒಳಗೆ ಸ್ಪ್ರಿಂಗು. ಬಾಯಿಗೆ ಕಚ್ಚಿ ಬಲವಾಗಿ ಉಸಿರೆಳೆದರೆ ಮಾತ್ರ ಒಳಗಿನ ಮುಚ್ಚಳ ತೆರೆದು ಗಾಳಿ ಬರುತ್ತದೆ. ಬಿಡುವಾಗ ಸಲೀಸು. ತಿರುಪು ತಿರುಗಿಸಿದಷ್ಟೂ ಎಳೆಯುವುದು ಕಷ್ಟವಾಗುತ್ತದೆ. ಮೂಗಿನಿಂದ ಗಾಳಿ ಬಾರದ ಹಾಗೆ ಒಂದು ಕ್ಲಿಪ್ಪು.

ಉಸಿರು ಸಾಲದೆ ಬಂದವನ ಮೂಗು ಮುಚ್ಚುವುದೆಂದರೆ! ಕ್ಲಿಪ್ಪು ಕೂತ ಕೂಡಲೇ ಮುಳುಗಿದ ಹಾಗಾಯಿತು. ಕೊಳವೆ ಎಳೆದೆ, ಮುಚ್ಚಳ ತೆರೆಯಲಿಲ್ಲ. ಇನ್ನೊಮ್ಮೆ ಎಳೆದೆ, ಇಲ್ಲ. ಎಲ್ಲವನ್ನೂ ಕಿತ್ತು ಬಿಸಾಕಿ ಎದ್ದು ನಿಂತೆ. ಕೊಳವೆ ಬೆಡ್ಡಿನ ಕೆಳಗೆ ಉರುಳಿತು.

"ಇದು ನನ್ನಿಂದ ಆಗುದಿಲ್ಲ. ನನ್ನನ್ನು ಕೊಲ್ಲಬೇಡಿ."

ಅವರು ಬಗ್ಗಿ ಕೊಳವೆ ಎತ್ತಿಕೊಂಡರು, ತೊಳೆದರು, ತಿರುಪನ್ನು ತೀರಾ ಸಡಿಲ ಮಾಡಿದರು. "ಕ್ಲಿಪ್ ನಿಮ್ ಕೈಯಲ್ಲೇ ಇರ್ಲಿ. ಯಾವಾಗ ಬೇಕೋ ತೆಗೀರಿ. ಯಾರೂ ಹಿಡ್ಕೊಂಡಿಲ್ಲ" ಎಂದರು. ನಾನು ಆ ದಿನ ಮತ್ತೆ ಮುಟ್ಟಲಿಲ್ಲ. ಕೊಳವೆ ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಮನೆಯೆಂದರೆ ಕುರ್ಲಾದಲ್ಲಿ ಸಾಲುಕೋಣೆಗಳ ಒಂದು ಚಾಳಿನ ಮೊದಲ ಮಾಳಿಗೆಯ ಖೋಲಿ, ಒಂದೇ ಕೋಣೆ. ಮೂರು ದಿನ ಆ ಕೊಳವೆ ಕಪಾಟಿನ ಮೇಲೆ ಹಾಗೇ ಇತ್ತು. ನಾಲ್ಕನೆಯ ದಿನ ಸಂಜೆ ಪ್ರಮೀಳಾ ಹೊಲಿಗೆ ಬದಿಗಿಟ್ಟು, ಬಿಸಿನೀರಲ್ಲಿ ಅದನ್ನು ತೊಳೆದು ತಂದಳು. ನನ್ನ ಎದುರು ನೆಲದ ಮೇಲೆ ಕೂತಳು.

"ಬನ್ನಿ, ಇಬ್ಬರೂ ಮಾಡುವ."

"ನೀನೆಂತ ಮಾಡುದು? ಕೊಳವೆ ಇರುದು ಒಂದೇ."

"ನಾನು ಮೂಗು ಮುಚ್ಚಿ ಕೂರ್ತೇನೆ. ನೀವು ಎಷ್ಟು ಹೊತ್ತು ಮುಚ್ತೀರೋ ಅಷ್ಟು ಹೊತ್ತು. ನೀವು ಸತ್ರೆ ನಾನೂ ಸಾಯ್ತೇನೆ, ಆಯ್ತಲ್ಲ?"

ನಿಜವಾಗಿಯೂ ಎರಡು ಬೆರಳಲ್ಲಿ ಮೂಗು ಹಿಡಿದು ಬಾಯಿ ತೆರೆದು ಕೂತಳು. ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ. ಕ್ಲಿಪ್ಪು ಹಾಕಿಕೊಂಡೆ. ಅವಳ ಕಣ್ಣನ್ನೇ ನೋಡುತ್ತಾ ಎಳೆದೆ. ಮುಚ್ಚಳ ಟಕ್ಕೆಂದು ತೆರೆದು ಗಾಳಿ ಒಳಗೆ ಬಂತು. ಬಿಟ್ಟೆ. ಮತ್ತೆ ಎಳೆದೆ. ಅವಳ ಮೂಗಿನ ತುದಿ ಕೆಂಪಾಗುತ್ತಿತ್ತು. ಕೆಲವು ಉಸಿರಾದ ಮೇಲೆ ಇಬ್ಬರೂ ಮೂಗು ಬಿಟ್ಟು ಗೋಡೆಗೆ ಒರಗಿದೆವು. ಬಾಗಿಲಲ್ಲಿ ನಿಂತಿದ್ದ ನಿಶಾ, "ಯೇ ಕ್ಯಾ ಚಲ್ ರಹಾ ಹೈ?" ಎಂದಳು.

ಹೀಗೆ ದಿನಾ ಬೆಳಿಗ್ಗೆ ಮತ್ತು ಸಂಜೆ ನಡೆಯಿತು. ಕೊಳವೆಯಾದ ಮೇಲೆ ಕತ್ತಿನ ವ್ಯಾಯಾಮ. ಚಾಳಿನ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ, ಗಲ್ಲ ಒಳಕ್ಕೆ ಎಳೆದು, ತಲೆಯ ಹಿಂಭಾಗ ಗೋಡೆಗೆ ಮುಟ್ಟಿಸಬೇಕು. ಮೊದಲು ಮುಟ್ಟುತ್ತಲೇ ಇರಲಿಲ್ಲ. ಪಕ್ಕದ ಖೋಲಿಯ ಮುದುಕಿ, "ಕಾಯ್, ಪೋಲಿಸಾನೇ ಉಭಾ ಕೇಲಾ ಕಾ?" ಎಂದು ದಿನಾ ಕೇಳುವಳು. ಪೊಲೀಸರು ನಿಲ್ಲಿಸಿದ್ದಾರೆಯೇ ಎಂದು. ವಾರಕ್ಕೊಮ್ಮೆ ಮೇಘನಾ ಡಾಕ್ಟರು ತಿರುಪು ಒಂದಿಷ್ಟು ಬಿಗಿ ಮಾಡುತ್ತಿದ್ದರು. ತಿರುಪು ಬಿಗಿಯಾದ ದಿನವೆಲ್ಲ ಹಳೆಯ ಹೆದರಿಕೆ ಮರಳುತ್ತಿತ್ತು. ಒಮ್ಮೆ ಕುರ್ಲಾ ಸ್ಟೇಷನ್ನಿನ ಬ್ರಿಜ್ಜಿನ ಮೆಟ್ಟಿಲಲ್ಲಿ ಮತ್ತೆ ಉಸಿರು ನಿಂತ ಹಾಗಾಗಿ, ಇಷ್ಟೆಲ್ಲ ಮಾಡಿದ್ದು ವ್ಯರ್ಥ, ನನಗಿರುವುದು ಯಾದವನ ರೋಗವೇ ಎಂದು ಕಂಬಿ ಹಿಡಿದು ನಿಂತಿದ್ದೆ. ಆದರೆ ಆಗಸ್ಟಿನ ಕೊನೆಗೆ ಒಂದು ಬೆಳಿಗ್ಗೆ, ಏನೂ ಯೋಚಿಸದೆ ಬ್ರಿಜ್ಜು ಹತ್ತಿ ಇಳಿದು ಪ್ಲಾಟ್‌ಫಾರ್ಮಿನಲ್ಲಿ ನಿಂತ ಮೇಲೆ, ನಡುವೆ ಎಲ್ಲೂ ನಿಲ್ಲಲಿಲ್ಲವೆಂದು ಹೊಳೆಯಿತು.

ಗಣಪತಿಯ ಗದ್ದಲ ಮುಗಿದ ಮೇಲೆ ಮತ್ತೆ ಬಲದ ಪರೀಕ್ಷೆ ಮಾಡಿದರು. ಚೆನ್ನಾಗಿ ಏರಿತ್ತು. ಕಾರ್ಖಾನೆಯ ಡಾಕ್ಟರು ಎಲ್ಲ ಕಾಗದ ನೋಡಿ, ತಾವೂ ಪರೀಕ್ಷಿಸಿ, ಸೋಮವಾರದಿಂದ ಮೇಲೆ ಹತ್ತಬಹುದು ಎಂದರು.

ಆ ಆದಿತ್ಯವಾರ ಬೆಳಿಗ್ಗೆ ಸಾವಂತ್ ನಮ್ಮ ಖೋಲಿಗೆ ಬಂದ. ಅಷ್ಟು ವರ್ಷದಲ್ಲಿ ಅದೇ ಮೊದಲ ಸಲ. ಕೈಯಲ್ಲಿ ಬಾಳೆಹಣ್ಣು. ಪ್ರಮೀಳಾ ಕೊಟ್ಟ ಚಹಾ ಕುಡಿಯದೆ ಲೋಟವನ್ನು ತಿರುಗಿಸುತ್ತಾ ಕೂತ. ಆಮೇಲೆ ಅವನ ಮರಾಠಿ ಬೆರೆತ ಹಿಂದಿಯಲ್ಲಿ ಹೇಳಿದ.

"ಭೋಜಾ, ಗುಸ್ಸಾ ಮತ್ ಕರ್, ಕೋಪ ಮಾಡಬೇಡ. ಸೂಪರ್‌ವೈಸರ್‌ಗೆ ಹೇಳುವ ಮೊದಲು ನಿನಗೇ ಹೇಳಬೇಕು ಅಂತ ಬಂದೆ. ನಾಳೆ ನಾನು ನಿನ್ನ ಹುಕ್ಕಿನ ಕೆಳಗೆ ನಿಲ್ಲುವುದಿಲ್ಲ."

ಲೋಟವನ್ನು ನೆಲಕ್ಕಿಟ್ಟ.

"ಆ ದಿನ ಟ್ಯಾಂಕು ನಡುಗಿತು. ಇಷ್ಟು ವರ್ಷದಲ್ಲಿ ನಿನ್ನ ಕೈಯಲ್ಲಿ ಯಾವ ಲೋಡೂ ನಡುಗಿದ್ದಿಲ್ಲ. ಮೇಲೆ ನೋಡಿದೆ, ಗಾಜಿನ ಹಿಂದೆ ನಿನ್ನ ಬಾಯಿ ತೆರೆದಿತ್ತು. ಅವತ್ತಿಂದ ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಕಾಣುತ್ತದೆ. ಮುಝೇ ಡರ್ ಲಗ್ತಾ ಹೈ, ಭಾವು."

ಇಷ್ಟು ತಿಂಗಳು ಹೆದರಿದವನು ನಾನೊಬ್ಬನೇ ಎಂದುಕೊಂಡಿದ್ದೆ. ನನ್ನ ಕೆಳಗೆ ನಿಂತವನೂ ಅಷ್ಟೇ ಹೆದರಿದ್ದ, ಅದಕ್ಕೇ ಅಂದು ಹತ್ತಿರ ಬರಲಿಲ್ಲ. ಕೋಪ ಬರಲಿಲ್ಲ, ಬೇಸರವಾಯಿತು. ಡಾಕ್ಟರು ಸರಿ ಎಂದಿದ್ದಾರೆ ಎಂದು ಹೇಳಲು ಹೊರಟೆ, ಹೇಳಲಿಲ್ಲ. ನನಗೇ ಪೂರ್ತಿ ನಂಬಿಕೆ ಇರಲಿಲ್ಲವಲ್ಲ.

"ಕೆಳಗೆ ನಿಲ್ಲಬೇಡ," ಎಂದೆ. "ಮೇಲೆ ಬಾ. ಒಂದು ದಿನ ನನ್ನ ಜೊತೆ ಕೂತು ನೋಡು. ಆಮೇಲೆ ನಿನ್ನಿಷ್ಟ."

ಸೋಮವಾರ ಸೂಪರ್‌ವೈಸರು ಒಪ್ಪಿದರು. ಮೊದಲ ದಿನ ಖಾಲಿ ಹುಕ್ಕು ಓಡಿಸುವುದು, ಊಟದ ನಂತರ ಸಣ್ಣ ಲೋಡು, ಕೆಳಗೆ ಬೇರೊಬ್ಬ. ನಾನು ಮೊದಲು ಹತ್ತಿದೆ. ಏಣಿಯ ಅರ್ಧಕ್ಕೆ ಬಂದಾಗ ಕೈ ತಾನಾಗಿ ಬಿಗಿಯಿತು. ಅಲ್ಲೇ ನಿಂತು ಗಲ್ಲ ಒಳಕ್ಕೆ ಎಳೆದು ಹೊಟ್ಟೆಯ ತನಕ ಉಸಿರು ತೆಗೆದುಕೊಂಡೆ. ಇಳಿಯಿತು. ಮುಂದೆ ಹತ್ತಿದೆ. ಹಿಂದೆ ಸಾವಂತ್. ಅವನು ಎಂದೂ ಆ ಏಣಿ ಹತ್ತಿದವನಲ್ಲ. ಕ್ಯಾಬಿನ್ನಿಗೆ ಬಂದು ತಲುಪಿದಾಗ ಬೆವರಿ ನೀರಾಗಿ, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ನನಗಿಂತ ಜೋರಾಗಿ ಏದುಸಿರು ಬಿಡುತ್ತಿದ್ದ.

ಖಾಲಿ ಹುಕ್ಕು ಓಡಿಸುವಾಗ ಏನೂ ಆಗಲಿಲ್ಲ. ಊಟದ ನಂತರ ಉಕ್ಕಿನ ಪ್ಲೇಟುಗಳ ಕಟ್ಟು ಎತ್ತಿದೆ. ನೆಲ ಬಿಟ್ಟು ಅದು ತೂಗತೊಡಗಿದ ಕೂಡಲೇ ಎದೆಯೊಳಗೆ ಆ ಹಳೆಯ ಬಿಗಿತ ಬಂತು. ಸಾವಂತ್ ನನ್ನ ಮುಖವನ್ನೇ ನೋಡುತ್ತಿದ್ದ. ಲಿವರನ್ನು ಮಧ್ಯಕ್ಕೆ ತಂದು ನಿಲ್ಲಿಸಿದೆ. ಕೆಳಗಿನವನು ಏನೋ ಕೂಗಿದ. ನಾನು ಬೆನ್ನು ಸೀಟಿಗೆ ಹಚ್ಚಿ, ತಲೆ ಹಿಂದಕ್ಕೆ ತಂದು, ಮೂಗಿನಿಂದ ನಿಧಾನವಾಗಿ ಎಳೆದೆ. ಒಂದು. ಇನ್ನೊಂದು. ಪಕ್ಕೆಲುಬುಗಳು ಎರಡೂ ಬದಿಗೆ ತೆರೆದುಕೊಂಡವು. ಗಾಳಿ ಕೆಳಗಿನವರೆಗೆ ಹೋಯಿತು. ಬಿಗಿತ ಹೋಗಲಿಲ್ಲ, ಆದರೆ ಅದರ ಪಕ್ಕದಲ್ಲೇ ಉಸಿರಿಗೂ ಜಾಗವಿತ್ತು. ಕಟ್ಟನ್ನು ಅದರ ಜಾಗದಲ್ಲಿ ಇಟ್ಟೆ, ಸದ್ದಾಗದ ಹಾಗೆ.

"ಅದು ಬಂತಾ?" ಎಂದು ಸಾವಂತ್ ಕೇಳಿದ.

"ಬಂತು."

"ಮತ್ತೆ?"

"ನಿಲ್ಲಿಸಿದೆ. ಉಸಿರಾಡಿದೆ. ನೋಡಿದೆಯಲ್ಲ."

ಅವನು ಕಾಲ ಬುಡದ ಗಾಜಿನಿಂದ ಬಹಳ ಹೊತ್ತು ಕೆಳಗೆ ನೋಡಿದ. ಹಳದಿ ಹೆಲ್ಮೆಟ್ಟಿನ ಆ ಮನುಷ್ಯ ಅಂಗಿಯ ಒಂದು ಗುಂಡಿಯಷ್ಟು ಕಾಣುತ್ತಿದ್ದ. "ಮೈ ಇತ್ನಾ ಸಾ ದಿಖ್ತಾ ಹೂಂ?" ಎಂದ. ನಾನು ಇಷ್ಟೇ ಕಾಣುತ್ತೇನಾ ಎಂದು.

"ಇಷ್ಟೇ. ಅದಕ್ಕೇ ಅಲ್ಲವಾ ಕತ್ತು ಇಷ್ಟು ಬಗ್ಗಿಸಿದ್ದು."

ಅವನು ನಗಲಿಲ್ಲ. ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಹಿಡಿದು ಇಳಿದ. ನಾಳೆ ಹುಕ್ಕಿನ ಕೆಳಗೆ ನಿಲ್ಲುತ್ತಾನೋ ಇಲ್ಲವೋ ಎಂದು ನಾನು ಕೇಳಲಿಲ್ಲ.

ಮರುದಿನ ಮಳೆ ಸ್ವಲ್ಪ ಹಿಡಿದಿತ್ತು. ಪೂರ್ತಿ ಟ್ಯಾಂಕನ್ನು ಎತ್ತುವ ಕೆಲಸ. ಕ್ಯಾಬಿನ್ನಿನಲ್ಲಿ ಕೂತು ಹುಕ್ಕು ಇಳಿಸಿ ಕಾದೆ. ಕೆಳಗೆ ಯಾರೂ ಕಾಣಲಿಲ್ಲ. ಆಮೇಲೆ ಶೆಡ್ಡಿನ ಆ ಕಡೆಯಿಂದ ಒಬ್ಬ ಸರಪಳಿ ಎಳೆದುಕೊಂಡು ಬಂದ. ಸರಪಳಿ ಹಾಕಿದ, ಎರಡೆರಡು ಸಲ ಜಗ್ಗಿ ನೋಡಿದ, ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲಕ್ಕೆ ಬಿಗಿದ. ಮುಖ ಮೇಲಕ್ಕೆತ್ತಿದಾಗ ನೋಡಿದೆ, ಸಾವಂತ್. ಅವನ ಮುಖ ಬಿಳುಚಿತ್ತು. ನನ್ನ ಅಂಗೈಯೂ ಒದ್ದೆಯಾಗಿತ್ತು. ಅವನು ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಓಡಿಹೋಗಲಿಲ್ಲ, ನಿಂತ. ನಾನು ಒಂದು ಪೂರ್ತಿ ಉಸಿರು ತೆಗೆದುಕೊಂಡು ಟ್ಯಾಂಕನ್ನು ಎತ್ತಿದೆ.